ಎರಡು ಅಳತೆಯ ಬಳೆ

ಗರುಡಾಚಾರ್‌ಪಾಳ್ಯದ ಫ್ಯಾಕ್ಟ್ರೀಲಿ ಪ್ರೆಸ್ ಮಿಷಿನ್ನು ನನ್ನ ಬಲಗೈ ಹೆಬ್ಬೆರಳನ್ನ ಬುಡಸಮೇತ ತಗೊಂಡ ಮೇಲೆ, ಆ ಕೈಲಿ ಬಳೆ ನಿಲ್ಲೋದೇ ಬಿಟ್ಹೋಯ್ತು. ತೊಟ್ರೆ ಜಾರಿ ಬಿದ್ದು ಒಡೆಯೋವು. ಕೈನ ಸೆರಗಲ್ಲಿ ಮುಚ್ಕೊಂಡೇ ಓಡಾಡ್ತಿದ್ದೆ. ಅಷ್ಟರಲ್ಲಿ ಮೊಮ್ಮಗಳ ಸೀಮಂತ ಬಂತು. "ಅಜ್ಜಿ, ಮೊದಲನೇ ಆರತಿ ನೀನೇ ಎತ್ಬೇಕು" ಅಂತ ಹಟ ಹಿಡಿದ್ಲು. ಮುತ್ತೈದೆ ನಾನು, ಬೋಳು ಕೈಲಿ ಹೆಂಗೆ ಎತ್ತಲಿ ಹೇಳಿ?

ಶಿವಾಜಿನಗರದ ಬಳೆ ಅಂಗಡಿಗೆ ಹೋಗಿ ಎಡಗೈ ಮಾತ್ರ ಚಾಚಿದೆ. ಅಂಗಡಿ ನಡೆಸೋ ಸಾಬರ ಹೆಂಗಸು, ಎಲ್ರೂ ಆಪಾ ಅಂತಾರೆ, ಕೈ ಹಿಡ್ಕೊಂಡೇ ಕೇಳಿದ್ಲು, "ಇನ್ನೊಂದ್ ಕೈ ಮನೇಲಿ ಮರೆತು ಬಂದ್ರಾ ಅಮ್ಮಾ?"

"ಸ್ವಲ್ಪ ಫ್ಯಾಕ್ಟ್ರೀಲಿ ಬಿಟ್ಟು ಬಂದಿದೀನಿ ಕಣಮ್ಮ" ಅಂತ ಸೆರಗು ಸರಿಸಿದೆ.

ಅವಳು ಅಯ್ಯೋ ಪಾಪ ಅನ್ನಲಿಲ್ಲ. ಆ ಕೈನ ತನ್ನ ತೊಡೆ ಮೇಲಿಟ್ಕೊಂಡು ಹಿಸುಕಿ ನೋಡಿ, "ಇದಕ್ಕೆ ಎರಡು ಅಳತೆ ಚಿಕ್ಕದು ಬೇಕು" ಅಂದ್ಲು. ಬಳೆಯೋರು ಡಜನ್ ಕಟ್ಟು ಬಿಡಿಸಿ ಮಾರೋದಿಲ್ಲ. ಅವಳು ನನಗೋಸ್ಕರ ಎರಡು ಕಟ್ಟು ಬಿಚ್ಚಿ, ದೊಡ್ಡದ್ರಲ್ಲಿ ಅರ್ಧ ಎಡಗೈಗೆ, ಚಿಕ್ಕದ್ರಲ್ಲಿ ಅರ್ಧ ಬಲಗೈಗೆ ತೊಡಿಸಿದ್ಲು. ಕೈ ಕೊಡವಿದೆ. ಘಲ್ ಅಂದ್ವು, ಬೀಳಲಿಲ್ಲ. ನನಗೆ ಅಳು ಬಂದ್ಬಿಡ್ತು.

"ಉಳಿದ ಅರ್ಧರ್ಧ ಯಾರು ತಗೋತಾರಮ್ಮ?" ಅಂದೆ.

"ಹಂಗೇ ಜೊತೆ ಕಟ್ಟಿ ಇಡ್ತೀನಿ. ನಿಮ್ಮಂಥ ಕೈಯೋರು ಬರ್ತಾನೇ ಇರ್ತಾರೆ" ಅಂದ್ಲು.

ಆರತಿ ಚೆನ್ನಾಗಿ ಆಯ್ತು. ಆ ಆಪಾ ಹೊಟ್ಟೆ ತಣ್ಣಗಿರ್ಲಿ, ಅಂಗಡಿ ತುಂಬಿ ವ್ಯಾಪಾರ ಆಗ್ಲಿ. ಆ ಉಳಿದ ಬಳೆ ಮಾತ್ರ ಜನ್ಮದಲ್ಲಿ ಮಾರಾಟ ಆಗ್ದೇ ಇರ್ಲಿ.