ತಂಬಿಗೆಯ ಹೊಟ್ಟೆಯಲ್ಲಿ ಕಿಟಕಿ

ನಿಜಾಮರ ಆಳ್ವಿಕೆಯ ಕೊನೆಯ ದಿನಗಳು. ಮಾನ್ವಿಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ ನನ್ನ ಗಂಡ ಚಳವಳಿಯವರ ಜೊತೆ ಹೊಳೆ ದಾಟಿ ಹೋದವರು ದೀಪಾವಳಿಗೂ ಬರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ. ಒಲೆ ಮುಂದೆ ಕೂತರೆ ಬಾಗಿಲಿಗೆ ಹೋಗಬೇಕು ಅನ್ನಿಸುತ್ತಿತ್ತು, ಬಾಗಿಲಿಗೆ ಬಂದರೆ ಒಲೆ ನೆನಪಾಗುತ್ತಿತ್ತು. ಎಷ್ಟು ಸಲ ಅನ್ನ ಸೀದಿತೋ!

ಒಂದು ಮುಂಜಾನೆ ಹೊಳೆ ದಾಟಿಸುವ ಚೀಕಲಪರ್ವಿಯ ಅರಿಗೋಲಿನವನು ಸುರುಳಿ ಸುತ್ತಿದ ಹಾಳೆ ಕೊಟ್ಟ. "ಕೈಯಿಂದ ಕೈಗೆ ಬಂದದ್ರಿ. ಎಲ್ಲಿಂದ ಬಂತು, ನನಗ ಗೊತ್ತಿಲ್ಲ" ಎಂದವನೇ ನೀರೂ ಕುಡಿಯದೆ ಹೋದ. ಪತ್ರವಾದರೆ ಹೊಳೆಯ ನಾಕೆಯಲ್ಲಿ ಪೊಲೀಸರು ಹಿಡಿದು ಓದುತ್ತಿದ್ದರು. ಇದರಲ್ಲಿ ಅಕ್ಷರವೇ ಇರಲಿಲ್ಲ. ಇದ್ದಿಲಿನಲ್ಲಿ ಬರೆದ ತಂಬಿಗೆ, ಕಂದೀಲು, ಎರಡು ಬದನೆಕಾಯಿ. ಗೆರೆ ಎಳೆದ ಕೈ ಮಾತ್ರ ಇವರದೇ.

"ಅಯ್ಯ, ಕಂದೀಲು ಶಾಂತ ಆಗ್ಯಾದಲ್ಲ!" ಎಂದರು ಅತ್ತೆ. ನಮ್ಮಲ್ಲಿ ದೀಪ ಆರಿತು ಎನ್ನುವಂತಿಲ್ಲ.

"ಹಗಲಿನಾಗ ಕಂದೀಲು ಯಾರು ಹಚ್ತಾರ, ಅತ್ತ್ಯಾರ?" ಎಂದೆ ಸಿಟ್ಟಿನಿಂದ.

ಮಾವ ಹಾಳೆಯನ್ನು ಕಣ್ಣ ಹತ್ತಿರ ಹಿಡಿದರು. ತಂಬಿಗೆಯ ಹೊಟ್ಟೆಯ ಮೇಲೆ ಒಂದು ಬಿಳಿ ಚೌಕ, ಅದರಲ್ಲಿ ಉದ್ದುದ್ದ ಗೆರೆ, ನಡುವೆ ಇದ್ದಿಲು ಒರೆಸಿದಂಥ ಕಪ್ಪು ಕಲೆ. "ಸರಳು ಅವ ಇವು. ಅವನ್ನ ಜೇಲಿನಾಗ ಇಟ್ಟಾರ" ಎಂದು ಹಾಳೆ ಕೆಳಗಿಟ್ಟರು. ಹೆದರಿದವರ ಮೇಲೆ ಹಾವು ಬಿಟ್ಟ ಹಾಗಾಯಿತು. ಅತ್ತೆ ಅಳತೊಡಗಿದರು.

ನನಗೆ ಕೂರಲಾಗಲಿಲ್ಲ. ಚಿತ್ರದ ತಂಬಿಗೆಯ ಕಂಠದ ಕೆಳಗೆ ಒಂದು ತಗ್ಗಿತ್ತು. ಅತ್ತೆಯೇ ಬಾವಿಕಟ್ಟೆಯ ಮೇಲೆ ಬೀಳಿಸಿದ್ದ, ನಮ್ಮ ಮನೆಯ ಮಡಿನೀರಿನ ತಂಬಿಗೆ! ಸ್ನಾನವಿಲ್ಲದೆ, ಮಡಿಯಿಲ್ಲದೆ ಅದನ್ನು ಎತ್ತಿಕೊಂಡು ಅಡಿಗೆಮನೆಯ ನೆಲದ ಮೇಲಿಟ್ಟೆ. ಇವರು ತಲೆ ತಗ್ಗಿಸಿ ಉಣ್ಣುತ್ತಿದ್ದ ಜಾಗದಲ್ಲಿ ಕೂತೆ.

"ಏ ಹುಚ್ಚಿ, ಮಡಿ ತಂಬಿಗಿ ಅದು!"

"ಹುಣಸಿಹಣ್ಣು ಹಚ್ಚಿ ತೊಳದ್ರಾತು. ನೀವು ಆ ಕಿಟಕಿ ಮುಂದ ನಿಂದರ್ರಿ, ನಾ ಬಡಸಾಕ ನಿಲ್ಲೋ ಜಾಗದಾಗ."

ಅತ್ತೆ ಗೊಣಗುತ್ತಲೇ ಹೋಗಿ ನಿಂತರು. ಹೊಳೆಯುವ ತಂಬಿಗೆಯ ಹೊಟ್ಟೆಯಲ್ಲಿ ಕಿಟಕಿಯೇ ಬಿಳಿ ಚೌಕವಾಗಿ ಕಾಣುತ್ತಿತ್ತು, ಸರಳುಗಳಿದ್ದವು. ಈಗ ನಡುವೆ ಆ ಕಪ್ಪು ಕಲೆಯೂ ಬಂತು.

ಅದು ಜೈಲಲ್ಲ, ನಮ್ಮ ಅಡಿಗೆಮನೆ. ಆ ಕಲೆ ನಾನು. ಇವರು ಎಲ್ಲಿದ್ದಾರೆ, ಎಂದು ಬರುತ್ತಾರೆ ಎಂಬುದನ್ನು ಚಿತ್ರ ಹೇಳಲಿಲ್ಲ. ಆದರೂ ಅಷ್ಟು ತಿಂಗಳು ಬಾರದ ಅಳು ಆಗ ಬಂತು. ಹಿರಿಯರೆದುರು ಹೆಂಡತಿಯ ಮುಖ ನೋಡಬಾರದೆಂದು ಒಂದು ದಿನವೂ ತಲೆಯೆತ್ತದೆ ಉಂಡೆದ್ದ ಮನುಷ್ಯ, ದಿನವೂ ತಂಬಿಗೆಯಲ್ಲಿ ನನ್ನನ್ನೇ ನೋಡುತ್ತಿದ್ದರು.