ಕಪ್ಪಾಗದ ಬಟ್ಟೆ

ಯಜಮಾನರ ಬಲಗೈ ತೋರುಬೆರಳು ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಒಂದೇ ಸಲ. ಚಾ ಕೊಟ್ಟರೆ ಲೋಟದ ಅಂಚು ಸವರಿ ಬೆರಳನ್ನು ಬೆಳಕಿಗೆ ಹಿಡಿಯುವರು. ಕುರ್ಚಿ ಕೊಟ್ಟರೆ ಕುರ್ಚಿ ಸವರುವರು. ಮೂವತ್ತು ವರ್ಷ ಬೊಂಬಾಯಿಯಲ್ಲಿ ಹೋಟೆಲು ನಡೆಸಿ, ಟೇಬಲ್ಲು ಒರೆಸಿದ್ದು ನಿಜವೋ ಸುಳ್ಳೋ ಎಂದು ನೋಡಿ ನೋಡಿ ಬೆರಳಿಗೆ ಅಂಟಿದ ಚಾಳಿ ಅದು. ತೆಕ್ಕಟ್ಟೆಗೆ ವಾಪಸು ಬಂದ ಮೇಲೂ ಬಿಟ್ಟಿರಲಿಲ್ಲ. ಎದುರಿಗೆ ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರು ಎಂಬುದು ಬೇಡ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೈಕೆಲಸ ಒಂದು ಬಿಟ್ಟರೆ ನನಗೆ ಬೇರೆ ಸರ್ಟಿಫಿಕೇಟಿಲ್ಲ. ತಲ್ಲೂರಿನಲ್ಲಿ ಹೆದ್ದಾರಿ ಪಕ್ಕ ಶೆಡ್ಡು ಹಾಕಿ, ಕಾರಿನ ಅಲ್ಯೂಮಿನಿಯಂ ಚಕ್ರ ತಿಕ್ಕಿ ಹೊಳಪು ತರುವ ಕೆಲಸ ಶುರುಮಾಡಿ ಆಗ ವರ್ಷವಾಗಿತ್ತಷ್ಟೆ. ಮೇಲೆ ಬಣ್ಣ, ವಾರ್ನಿಶ್ ಏನೂ ಇಲ್ಲದ ಬರೀ ಅಲ್ಯೂಮಿನಿಯಂ ನಮ್ಮ ಉಪ್ಪುಗಾಳಿಗೆ ಬೇಗ ಮಂಕಾಗಿ, ಬೂಷ್ಟು ಹಿಡಿದ ಹಾಗೆ ಬಿಳಿ ಚುಕ್ಕೆ ಏಳುತ್ತದೆ. ಯಜಮಾನರ ಹಳೆಯ ವಿದೇಶಿ ಕಾರಿನದ್ದು ಅಂಥ ಚಕ್ರಗಳು.

ಕಾರಿನ ಜೊತೆ ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲನ್ನೂ ತಂದಿದ್ದರು.

“ಕಾರ್ ಇಲ್ಲೇ ಬಿಟ್ಟಿಕ್ ಹೋಯ್ನಿ, ನಾಳಿಕ್ ಬನ್ನಿ” ಎಂದೆ.

“ಬಿಟ್ಟಿಕ್ ಹ್ವಾರೆ ನಾಳಿಕ್ ಇದೇ ಚಕ್ರ ಇರತ್ತ್ ಅಂಬುದಕ್ಕೆ ಯಾರ್ ಜಾಮೀನ್ ಮರಾಯಾ?”

ನನ್ನಿಂದ ಒಂದು ಮಾರು ದೂರದಲ್ಲಿ ಸ್ಟೂಲು ಹಾಕಿ ಕೂತರು. ಇದ್ದ ಬಾಟಲಿಗಳನ್ನೆಲ್ಲ ಮೂಸಿದರು. ಆಸಿಡ್ ಹಾಕಿದರೆ ಚಕ್ರ ಒಂದು ಗಳಿಗೆ ಬೆಳ್ಳಗಾಗಿ ಆಮೇಲೆ ಕಲೆ ಬೀಳುತ್ತದೆಂದು ಅವರಿಗೂ ಗೊತ್ತಿತ್ತು.

“ಇದ್ ಎಂತ? ಕಕ್ಕಸ್ ತೊಳು ಆಸಿಡಾ?”

“ಅಲ್ಲ, ಸೋಪಿನ್ ನೀರ್.”

“ಕುಡ್ದ್ ತೋರ್ಸ್ ಕಾಂಬ!”

ನನಗೂ ಅವರ ಮೇಲೆ ಸಂಶಯವೇ. ಕುಂದಾಪುರದ ಇನ್ನೊಂದು ಶೆಡ್ಡಿನವರು ನನ್ನ ಪಾಲಿಶಿನ ಗುಟ್ಟು ತಿಳಿಯಲು ಕಳಿಸಿದ ಜನವಿರಬೇಕು ಎಂದುಕೊಂಡು, ಅವರಿಗೆ ಬೆನ್ನು ಹಾಕಿ ಡಬ್ಬಿ ತೆರೆಯುತ್ತಿದ್ದೆ. ಅವರು ಸ್ಟೂಲು ಎಳೆದುಕೊಂಡು ಈಚೆ ಬರುವರು, ನಾನು ಆಚೆ ತಿರುಗುವೆ.

ಮೊದಲ ದಿನ ಚಕ್ರ ಬಿಚ್ಚಿ ತೊಳೆಯುವುದರಲ್ಲೇ ಹೋಯಿತು. ಸಂಜೆ ನಾಲ್ಕನ್ನೂ ಶೆಡ್ಡಿನೊಳಗಿಟ್ಟು ಬೀಗ ಹಾಕಿದೆ. ಅವರು ಬೀಗವನ್ನು ಮೂರು ಸಲ ಜಗ್ಗಿ ನೋಡಿ ಬಸ್ಸು ಹತ್ತಿದರು.

ಮರುದಿನ ಮಧ್ಯಾಹ್ನಕ್ಕೆ ಮೂರು ಚಕ್ರ ಮುಗಿದವು. ಬರೀ ಅಲ್ಯೂಮಿನಿಯಂ ಆದರೆ ಪಾಲಿಶ್ ಹಚ್ಚಿ ಉಜ್ಜಿದ ಬಟ್ಟೆ ಮಸಿಯಂತೆ ಕಪ್ಪಾಗಬೇಕು. ಮೂರು ಬಟ್ಟೆಗಳು ಹಾಗೇ ಕಪ್ಪಾಗಿ ಬಿದ್ದಿದ್ದವು. ನಾಲ್ಕನೆಯ ಚಕ್ರಕ್ಕೆ ಎಷ್ಟು ಉಜ್ಜಿದರೂ ಬಟ್ಟೆ ಬೆಳ್ಳಗೇ. ಅದರ ಮೇಲೆ ವಾರ್ನಿಶ್ ಇತ್ತು. ಅದು ಆ ಮೂರರ ಜೊತೆಯ ಚಕ್ರವೇ ಅಲ್ಲ, ಯಾರೋ ಯಾವಾಗಲೋ ಬದಲಿಸಿದ್ದು. ಮೊದಲ ದಿನವೇ ನಾಲ್ಕನ್ನೂ ಹಿಂಬದಿಯಲ್ಲಿ ಚೂರು ಪಾಲಿಶ್ ಹಚ್ಚಿ ಒರೆಸಿ ನೋಡಬೇಕಿತ್ತು. ಒಂದನ್ನು ನೋಡಿ ಉಳಿದದ್ದೂ ಹೀಗೇ ಎಂದುಕೊಂಡದ್ದು ನನ್ನ ತಪ್ಪು.

ಯಜಮಾನರು ರಸ್ತೆಯಾಚೆ ಚಾ ಕುಡಿಯಲು ಹೋಗಿದ್ದರು. ಸ್ಟೂಲು ಖಾಲಿ. ವಾರ್ನಿಶ್ ಕಿತ್ತು ತಿಕ್ಕಿಬಿಟ್ಟರೆ ನಾಲ್ಕಕ್ಕೂ ಒಂದೇ ಹೊಳಪು, ಯಾರಿಗೂ ಗೊತ್ತಾಗದು. ಇದ್ದದ್ದನ್ನು ಹೇಳಿಬಿಟ್ಟರೆ, ರಾತ್ರಿ ಚಕ್ರ ಇದ್ದದ್ದು ನನ್ನ ಬೀಗದೊಳಗೆ. ಕಳ್ಳ ಎಂದು ಅವರು ಒಮ್ಮೆ ಕೂಗಿದರೆ ಸಾಕು, ತಲ್ಲೂರಿನಲ್ಲಿ ನನ್ನ ಶೆಡ್ಡಿಗೆ ಮತ್ತೆ ಗಾಡಿ ಬಾರದು. ಆದರೆ ಹೆರವರ ಸುಳ್ಳಿಗೆ ನನ್ನ ಕೈಯಿಂದ ಹೊಳಪು ಹಚ್ಚಲು ಮನಸ್ಸು ಬರಲಿಲ್ಲ.

ಅವರು ಬಂದಾಗ ನಾಲ್ಕು ಬಟ್ಟೆಗಳನ್ನು ಸಾಲಾಗಿ ಹಾಸಿ ವಿಷಯ ಹೇಳಿದೆ.

“ಹ್ವಾಯ್! ನನ್ನ್ ಚಕ್ರ ಎಲ್ಲಿತ್ತ್?”

“ನೀವ್ ತಂದದ್ ಇದೇ.”

“ಇದೇ ಅಂತ ನೀ ಹೇಳುದ್! ನಾನ್ ನಂಬ್ಕಾ?”

ಪಕ್ಕದ ಪಂಕ್ಚರ್ ಅಂಗಡಿಯವನು ಎದ್ದು ನಿಂತ.

“ನಂಬುದ್ ಬ್ಯಾಡ. ಹುಡ್ಕಿ” ಎಂದೆ.

ಅವರು ಶೆಡ್ಡು ಹುಡುಕಲಿಲ್ಲ. ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ಚಕ್ರ ಮಗುಚಿ, ಒಳ ಅಂಚಿನಲ್ಲಿ ಆ ಬೆರಳು ಆಡಿಸುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ನಿಂತೇ ಇತ್ತು.

“ನಿನ್ನೆ ನೀ ನೀರಿಗ್ ಹ್ವಾದಾಗ ನಾಲ್ಕಕ್ಕೂ ಬೀಗದ ಕೈಯಗೆ ಗೀರ್ ಹಾಕಿದ್ದೆ” ಎಂದರು, ನನ್ನ ಮುಖ ನೋಡದೆ. “ಗೀರ್ ಇತ್ತ್. ನೀ ಬದಲ್ ಮಾಡ್ಲಿಲ್ಲ.”

“ಹಾಂಗಾರ್ ಯಾರ್?” ಕೇಳಬಾರದಿತ್ತು, ಕೇಳಿದೆ.

“ಬೊಂಬಾಯಗೆ ಇಪ್ಪಾಗ ಈ ಕಾರ್ ಬೇರೆಯವ್ರ್ ಕೈಗ್ ಕೊಟ್ಟದ್ ಒಂದೇ ಸಲ. ನಾನ್ ಊರಿಗ್ ಬಂದಾಗ, ಭಾವನಿಗೆ. ನಮ್ಮ್ ಭಾವ ಅಲ್ದಾ ಅಂದೇಳಿ ಗುರ್ತ್ ಹಾಕ್ಲಿಲ್ಲ.”

ಎದ್ದು ಪಂಚೆ ಕೊಡವಿಕೊಂಡರು. “ಮುಗ್ಸ್” ಎಂದಷ್ಟೇ ಹೇಳಿ ಬಸ್ಸಿಗೆ ಹೋದರು. ಸ್ಟೂಲು ಅಲ್ಲೇ ಉಳಿಯಿತು. ಮರುದಿನ ಕಾರು ಒಯ್ಯುವಾಗಲೂ ಅದನ್ನು ಕೇಳಲಿಲ್ಲ, ಆಮೇಲೂ ಒಯ್ಯಲಿಲ್ಲ.

ಅಲ್ಲಿಂದ ಮುಂದೆ ಕೊಲ್ಲೂರಿನ ಲಾಡ್ಜಿನವರನ್ನು, ಬೊಂಬಾಯಿಯ ಗುರುತಿನವರನ್ನು ನನ್ನಲ್ಲಿಗೆ ಕಳಿಸಿದವರು ಅವರೇ. ಶಿಫಾರಸು ಅವರದೇ ಧಾಟಿಯಲ್ಲಿ: “ಇವ್ನ್ ಮೇಲೆ ನಂಗ್ ಸಂಶಯ ಇಲ್ಲ ಅಂದಲ್ಲ. ಆರೆ ಇವ ಬಟ್ಟಿ ತೋರ್ಸ್ತ.”

ಅವರು ತೀರಿಕೊಂಡ ದಿನ ತೆಕ್ಕಟ್ಟೆಗೆ ಹೋದೆ. ಬೊಂಬಾಯಿಯಿಂದ ನೆಂಟರು ಬಂದಿದ್ದರು. ಇವರಲ್ಲಿ ಆ ಭಾವ ಯಾರು ಎಂದು ಒಬ್ಬೊಬ್ಬರ ಮುಖವನ್ನೂ ಸಂಶಯದಿಂದ ನೋಡುತ್ತ ನಿಂತಿದ್ದೆ.

ಕೆಂಪು ಸ್ಟೂಲು ಬಿಸಿಲಿಗೆ ಬಣ್ಣ ಕಳೆದುಕೊಂಡು ಈಗಲೂ ಒಂದು ಮಾರು ದೂರದಲ್ಲೇ ಇದೆ. ಯಾವ ಗಾಡಿ ಬಂದರೂ ಮೊದಲು ನಾಲ್ಕೂ ಚಕ್ರಗಳನ್ನು ಹಿಂಬದಿಯಲ್ಲಿ ಒರೆಸಿ ಬಟ್ಟೆ ತೋರಿಸುತ್ತೇನೆ. ಅವಸರದವರು ಹೇಳುವುದುಂಟು, “ನಿನ್ ಮೇಲೆ ನಂಬ್ಕಿ ಇತ್ತ್ ಮರಾಯಾ, ಬಿಟ್ಟಿಕ್ ಹೋತೆ.”

“ನಂಬ್ಕಿ ಬ್ಯಾಡ” ಎನ್ನುತ್ತೇನೆ, ಸ್ಟೂಲು ತೋರಿಸಿ. “ಕೂಕಣಿ. ಬಟ್ಟಿ ಕಂಡ್ಕಂಡ್ ಹೋಯ್ನಿ.”