ಹುಸಿ ಕಾರ್ಖಾನೆ

ಯುದ್ಧದ ಎರಡನೇ ವರ್ಷ ಶಾಲೆಯಲ್ಲಿ ಚಿತ್ರಕಲೆಯ ತರಗತಿ ನಿಂತುಹೋಯಿತು. ಮಕ್ಕಳಿಗೆ ಕಾಗದವಿರಲಿಲ್ಲ, ಕೊಠಡಿಗೆ ಗಾಯಾಳುಗಳ ಮಂಚಗಳು ಬಂದವು. ಡ್ರಾಯಿಂಗ್ ಟೀಚರ್ ತನ್ನ ಕುಂಚಗಳನ್ನು ಟವಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಮನೆಯೆಂದರೆ ಎರಡು ಕೋಣೆ, ಅವಳು ಮತ್ತು ಅವಳ ತಂಗಿ. ಅಪ್ಪ ಅಮ್ಮ ತೀರಿಕೊಂಡ ಮೇಲೆ ತಂಗಿಯನ್ನು ಇವಳೇ ಸಾಕಿದ್ದಳು. ತಂಗಿ ಈಗ ನದಿಯಾಚೆಯ ಮದ್ದುಗುಂಡಿನ ಕಾರ್ಖಾನೆಗೆ ಹೋಗುತ್ತಿದ್ದಳು. ಮದ್ದಿನ ಪುಡಿ ಹತ್ತಿ ಅವಳ ಬೆರಳೆಲ್ಲ ಹಳದಿ.

"ನಿನ್ನ ಬಣ್ಣ ಉಜ್ಜಿದ್ರೆ ಹೋಗುತ್ತೆ ಅಕ್ಕ, ನಂದು ಹೋಗಲ್ಲ" ಎಂದು ನಗುತ್ತಿದ್ದಳು.

ಒಂದು ದಿನ ಮೇಜರ್ ಒಬ್ಬ ಮನೆಗೇ ಬಂದ. ಊರಾಚೆಯ ಬಯಲಿನಲ್ಲಿ ಇನ್ನೊಂದು ಕಾರ್ಖಾನೆ ಎಬ್ಬಿಸಬೇಕು, ಸುಳ್ಳಿನದು. ಮರದ ಚೌಕಟ್ಟು, ಮೇಲೆ ಬಿಗಿದ ದಪ್ಪ ಬಟ್ಟೆ. ವಿಮಾನದಿಂದ ನೋಡಿದವನಿಗೆ ಛಾವಣಿ, ಕಿಟಕಿ, ಚಿಮಣಿ, ಚಿಮಣಿಯ ನೆರಳು ಎಲ್ಲ ಕಾಣಬೇಕು.

"ಶತ್ರುವಿನ ಕಣ್ಣಿಗೆ ಮಣ್ಣೆರಚೋ ಕೆಲಸ ಟೀಚರ್. ನಿಮ್ಮ ತಂಗಿ ಜೀವಾನೂ ಅದ್ರಲ್ಲೇ ಇದೆ."

ಆ ಮಾತು ಕೇಳಿದ ಮೇಲೆ ಅವಳು ಹಿಂದುಮುಂದು ನೋಡಲಿಲ್ಲ.

ಬಯಲಿನ ಅಂಚಿನಲ್ಲಿ ಇಟ್ಟಿಗೆ ಗೂಡಿನ ಕೆಲಸಗಾರರ ಏಳೆಂಟು ಮನೆಗಳಿದ್ದವು. ಅಲ್ಲಿಯ ಹೆಂಗಸೊಬ್ಬಳು ಎಲ್ಲರಿಗೂ ಚಹಾ ಕಾಸಿ ತರುತ್ತಿದ್ದಳು. ಬಾಯಿಬಡುಕಿ, ಆದರೆ ಮನಸ್ಸು ಬೆಣ್ಣೆ. ಅರೆಬರೆ ಬಣ್ಣದ ಗೋಡೆಗಳನ್ನು ನೋಡಿ ಅವಳು, "ನಮ್ಮನೆಯವ್ರಿಗೆ ಇಲ್ಲೇ ಒಂದು ಕೆಲಸ ಕೊಡ್ಸಿ ಟೀಚರ್. ಕೆಲಸಾನೇ ಇಲ್ಲದ ಕಾರ್ಖಾನೆ, ಅವ್ರಿಗೆ ಹೇಳಿ ಮಾಡಿಸಿದ ಹಾಗಿದೆ" ಅಂದಳು. ಎಲ್ಲರೂ ನಕ್ಕರು. "ಅದ್ಸರಿ, ಇದೆಲ್ಲ ಯಾಕೆ?"

"ಸೈನಿಕರ ತರಬೇತಿಗಂತೆ" ಎಂದಳು ಟೀಚರ್. ಹಾಗೆ ಹೇಳಬೇಕೆಂದು ಮೇಜರನ ಅಪ್ಪಣೆಯಾಗಿತ್ತು.

ಆದರೂ ತಡೆಯದೆ ಮೇಜರನನ್ನು ಕೇಳಿದಳು. "ಇಲ್ಲಿ ಬಾಂಬ್ ಬಿದ್ರೆ ಇವ್ರ ಗತಿ ಏನು?"

"ಆಮೇಲೆ ಅವ್ರನ್ನ ಇಲ್ಲಿಂದ ಎಬ್ಬಿಸ್ತೀವಿ. ಈಗ್ಲೇ ಎಬ್ಬಿಸಿದ್ರೆ ಗುಟ್ಟು ರಟ್ಟಾಗುತ್ತೆ."

ಅವಳು ಎರಡನೇ ಸಲ ಕೇಳಲಿಲ್ಲ.

ವಿಮಾನಗಳು ಒಂದು ಬೆಳಿಗ್ಗೆ ಬಂದವು. ತಂಗಿ ಆಗಲೇ ಕೆಲಸಕ್ಕೆ ಹೋಗಿದ್ದಳು. ಟೀಚರ್ ಬೀದಿಗೆ ಓಡಿ ಬಂದು ನೋಡಿದರೆ, ಹೊಗೆ ನದಿಯ ಕಡೆಯಿಂದಲ್ಲ, ಬಯಲಿನ ಕಡೆಯಿಂದ ಏಳುತ್ತಿತ್ತು. "ಬಿತ್ತು! ಅಲ್ಲೇ ಬಿತ್ತು!" ಎಂದು ಅವಳು ಚಪ್ಪಾಳೆಯನ್ನೇ ತಟ್ಟಿಬಿಟ್ಟಳು. ಮರುಗಳಿಗೆಯಲ್ಲಿ ಗೂಡಿನವರ ಮನೆಗಳು ನೆನಪಾದವು. ಬಿದ್ದೂ ಎದ್ದೂ ಬಯಲಿಗೆ ಓಡಿದಳು.

ಐದು ಮನೆಗಳು ನೆಲಸಮವಾಗಿದ್ದವು. ಚಹಾದವಳು ತನ್ನಿಬ್ಬರು ಮಕ್ಕಳ ಜೊತೆ ಗೋಡೆಯಡಿ ಸಿಕ್ಕಿದ್ದಳು. ಗೂಡಿನ ಹತ್ತಿರವಿದ್ದ ಗಂಡ ಬದುಕಿಕೊಂಡಿದ್ದ. ಬರಿಗೈಯಲ್ಲಿ ಇಟ್ಟಿಗೆ ಎತ್ತಿ ಎಸೆಯುತ್ತಿದ್ದ. ಟೀಚರ್ ಪಕ್ಕದಲ್ಲಿ ಕೂತು ತಾನೂ ಎತ್ತಿದಳು. ಮೂವರಲ್ಲಿ ಯಾರಿಗೂ ಉಸಿರಿರಲಿಲ್ಲ.

ಸಂಜೆ ತಂಗಿ ಕುಣಿಯುತ್ತಲೇ ಬಂದು ತಬ್ಬಿಕೊಂಡಳು. "ನಾವೆಲ್ಲ ಬದುಕಿದ್ದು ನಿನ್ನಿಂದ ಅಕ್ಕ!" ಟೀಚರ್ ಅವಳ ಕೈ ಬಿಡಿಸಿಕೊಂಡು ಬಚ್ಚಲಿಗೆ ಹೋಗಿ ಉಗುರಿನೊಳಗಿನ ಇಟ್ಟಿಗೆ ಪುಡಿಯನ್ನು ತೊಳೆಯತೊಡಗಿದಳು.

ಮಣ್ಣು ಮಾಡಿದ ಮರುದಿನ ಚಹಾದವಳ ಗಂಡ ಬಯಲಿಗೆ ಬಂದು, ಹುಸಿ ಗೋಡೆಯ ಹರಿದ ಬಟ್ಟೆ ಸ್ವಲ್ಪ ಬೇಕು, ಮಲಗೋ ಕಡೆ ಅಡ್ಡ ಕಟ್ಟೋಕೆ ಎಂದ. ಟೀಚರೇ ಕತ್ತರಿಸಿಕೊಟ್ಟಳು. ಮಡಿಸುತ್ತಾ ಕೇಳಿದ: "ಇಲ್ಲಿ ಬಾಂಬ್ ಬೀಳುತ್ತೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ ಟೀಚರ್?"

"ಗೊತ್ತಿತ್ತು."

ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದಳು. ಅವನು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ವಾರದೊಳಗೆ ಮೇಜರ್ ಬಂದು ಬೆನ್ನು ತಟ್ಟಿದ. ಸುಟ್ಟ ಭಾಗವನ್ನು ಮತ್ತೆ ಬರೆಯಬೇಕೆಂದ. ಅವಳು ಬಣ್ಣದ ಡಬ್ಬಗಳ ನಡುವೆ ನೆಲದಲ್ಲೇ ಕೂತಳು.

"ಮೊದಲು ಉಳಿದವರನ್ನ ಇಲ್ಲಿಂದ ಸಾಗಿಸಿ. ಅಲ್ಲೀವರೆಗೂ ನಾನು ಏಳಲ್ಲ."

"ಜೈಲಿಗೆ ಹಾಕ್ತಾರೆ, ಗೊತ್ತಾ?"

"ಹಾಕಲಿ. ಚಿಮಣಿ ನೀವೇ ಬರ್ಕೊಳ್ಳಿ."

ಅವನು ಕೂಗಾಡಿದ, ಗದರಿದ. ಮರುದಿನ ಎರಡು ಲಾರಿ ಬಂದವು. ಪಾತ್ರೆ, ಹಾಸಿಗೆ, ಮುದುಕರು ಎಲ್ಲ ಹತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೇ ಅವಳು ಎದ್ದು ಕುಂಚ ಹಿಡಿದಳು. ಆಮೇಲೆಯೂ ಅಲ್ಲಿ ಬಾಂಬ್ ಬಿತ್ತು, ಯಾರೂ ಸಾಯಲಿಲ್ಲ.

ಯುದ್ಧ ಮುಗಿದು ಶಾಲೆ ತೆರೆಯಿತು. ಮಕ್ಕಳಿಗೆ ಹೂಜಿ, ಎಲೆ, ಮೇಜು ಬರೆಯುವುದನ್ನು ಕಲಿಸುತ್ತಾ ಅವಳು ನಿವೃತ್ತಿಯವರೆಗೂ ಅಲ್ಲೇ ಇದ್ದಳು. ಸ್ವಂತಕ್ಕೆಂದು ಮತ್ತೆ ಒಂದು ಚಿತ್ರವನ್ನೂ ಬರೆಯಲಿಲ್ಲ. ತಂಗಿಗೆ ಮದುವೆಯಾಗಿ ಮಗುವಾದಾಗ ಅವಳೇ ಬಂದು ಕೇಳಿದಳು:

"ಊರಿನ ಮಕ್ಕಳಿಗೆಲ್ಲ ಕಲಿಸ್ತೀಯ. ನಿನ್ನ ತಂಗಿ ಮಗಳ ಮುಖ ಬರಿಯೋಕೆ ಏನು ಧಾಡಿ?"

"ಕೈ ಬರಲ್ಲ ಕಣೇ."

ತಂಗಿ ಮುನಿಸಿಕೊಂಡು ಬಹಳ ದಿನ ಈ ಕಡೆ ತಲೆ ಹಾಕಲಿಲ್ಲ. ಕೊನೆಗೆ ಮಗುವನ್ನು ಎತ್ತಿಕೊಂಡು ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿದಳು.